ಕಾರೇಗುಡ್ಡ ಬೆಳಗುವ ಹರಕೆ

ಬೆಂಕಿ ಕಾಯುವುದೇ ಕೆಲಸವಾದ ಗಂಡನಿಗೆ ಒಂದು ಮಾತೂ ಹೇಳದೆ, ಗುಡ್ಡಕ್ಕೆ ಬೆಂಕಿ ಕೊಡುತ್ತೇನೆಂದು ದೇವರಿಗೆ ಹರಕೆ ಹೊತ್ತುಕೊಂಡು ಬಂದ ಹೆಂಡತಿಯನ್ನು ಏನೆನ್ನಬೇಕು? ಪುಟ್ಟಮಾದಯ್ಯನಿಗೂ ತಿಳಿಯಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿದ್ದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ದೊಡ್ಡಮಾದಮ್ಮನನ್ನು ನೋಡುತ್ತ ಕೂತ. ಅವಳು ಒಲೆಯ ಕಡೆ ತಿರುಗಿಕೊಂಡು, ಯಾವತ್ತೋ ಆಗಿಹೋದ ಮಾತು ಎಂಬಂತೆ ಕೊಳವೆಯಿಂದ ಊದುತ್ತಿದ್ದಳು.

“ಯಾವಾಗ ಏಳ್ಕಂಡೆ?”

“ಮಗಳ ಒಟ್ಟೇಲಿ ಕೂಸಿದ್ದಾಗ. ಎಂಟು ತಿಂಗ್ಳು ತುಂಬಿತ್ತು.”

“ಯಾರ್ ಏಳ್ಕೊಟ್ಟೋರು ನಿಂಗೆ?”

“ಯಾರ್ಯಾಕೆ ಏಳ್ಕೊಡಬೇಕು? ನೀನ್ ಉಟ್ಟೋಕೆ ಮೊದ್ಲು ನಮ್ಮತ್ತೆ ಏಳ್ಕಂಡಿರ್ನಿಲ್ವ?” ಅಂದಳು. ಇನ್ನೊಮ್ಮೆ ಊದಿ, ಕಣ್ಣೊರೆಸಿಕೊಂಡು, “ಅಳಿಯಂದ್ರೂ ಅಂದ್ರು. ಗುಡ್ಡ ಬೆಳಗ್ತೀನಿ ಅಂತ ಏಳ್ಕಳಿ ಅತ್ತೆ, ಎಲ್ಲಾ ಸಲೀಸಾಯ್ತದೆ ಅಂತ” ಎಂದು ಸೇರಿಸಿದಳು.

ಪುಟ್ಟಮಾದಯ್ಯ ತಟ್ಟೆ ತಳ್ಳಿ ಎದ್ದ. ಅನ್ನದ ಮುಂದೆ ಕೋಪ ತೋರಿಸುವ ಗಂಡಸಲ್ಲ ಅವನು. ಆದರೆ ಅಳಿಯನ ಬಾಯಿಂದ ಮಾದಪ್ಪನ ಹರಕೆ ಬಂತೆಂದರೆ ಅದರ ಹಿಂದೆ ಟ್ರ್ಯಾಕ್ಟರು ಇದ್ದೇ ಇರುತ್ತದೆಂದು ಅವನಿಗೆ ಗೊತ್ತಿತ್ತು.

ಕಾರೇಹುಂಡಿಯವರಿಗೆ ಈ ಹರಕೆ ಹೊಸದಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಈ ಊರು. ಊರ ಬೆನ್ನಿಗೆ ಕಾರೇಗುಡ್ಡ. ಅದು ಊರೊಟ್ಟಿನ ಗೋಮಾಳ. ನೆತ್ತಿಯಲ್ಲಿ ಒಂದು ಕಲ್ಲು ಮಾದಪ್ಪ, ನೆತ್ತಿ ದಾಟಿದರೆ ಬಂಡೀಪುರದ ಕಾಡು. ಮಕ್ಕಳಾಗದವರು, ಆಗಿ ನಿಲ್ಲದವರು ‘ಗುಡ್ಡ ಬೆಳಗುತ್ತೇನೆ’ ಎಂದು ಆ ಕಲ್ಲಿನ ಮುಂದೆ ಹೇಳಿಕೊಂಡು ಬರುತ್ತಿದ್ದರು. ಮಗು ಹುಟ್ಟಿ ಕತ್ತು ನಿಂತ ಮೇಲೆ, ಬೇಸಿಗೆಯ ಒಂದು ಸೋಮವಾರ ಮಡಕೆಯ ಓಡಿನಲ್ಲಿ ಕೆಂಡ ತಂದು ಹುಲ್ಲಿಗೆ ಹಾಕುತ್ತಿದ್ದರು. ಆಗ ಗುಡ್ಡದಲ್ಲಿದ್ದದ್ದು ದನ ಮೇಯ್ದು ಉಳಿಸಿದ ಗೇಣುದ್ದದ ಹುಲ್ಲು. ಬೆಂಕಿ ಸರಸರ ಓಡಿ, ಮರಗಳ ಬುಡ ನೆಕ್ಕಿ, ಬಂಡೆ ಸಿಕ್ಕಲ್ಲಿ ಆರಿಹೋಗುತ್ತಿತ್ತು. ಮರಗಳಿಗೆ ಕಾಲು ಬೆಚ್ಚಗಾದದ್ದಷ್ಟೇ. ಪುಟ್ಟಮಾದಯ್ಯನೇ ಅಂಥದೊಂದು ಹರಕೆಯ ಮಗ.

ಈಗಿನ ಗುಡ್ಡ ಆಗಿನದಲ್ಲ. ಲಂಟಾನ ಎಂಬ ಮುಳ್ಳುಪೊದೆ ಬಂದು ಗುಡ್ಡದ ಅರ್ಧ ಮೈ ಮುಚ್ಚಿದೆ. ಬೇಸಿಗೆಯಲ್ಲಿ ಅದರ ಕಡ್ಡಿ ಸೀಮೆಎಣ್ಣೆ ಕುಡಿದ ಹಾಗೆ ಉರಿಯುತ್ತದೆ. ಕೆಳಗಿನ ಬೆಂಕಿಯನ್ನು ಹೆಗಲ ಮೇಲೆ ಹೊತ್ತು ಮರದ ತಲೆಗೆ ಏರಿಸುತ್ತದೆ. ಪುಟ್ಟಮಾದಯ್ಯ ಅದನ್ನು ಕಣ್ಣಾರೆ ಕಂಡವನು. ಅರಣ್ಯ ಇಲಾಖೆಯವರು ಬೇಸಿಗೆ ತಿಂಗಳುಗಳಿಗೆಂದು ಸೇರಿಸಿಕೊಳ್ಳುವ ಬೆಂಕಿ ವಾಚರುಗಳಲ್ಲಿ ಅವನೊಬ್ಬ. ಸೇರಿದ ಮೊದಲ ವರ್ಷವೇ, ಒಂದು ದೊಡ್ಡ ಮತ್ತಿ ಮರ ನಿಂತಲ್ಲೇ ಬುಡದಿಂದ ತುದಿಯವರೆಗೆ ಹತ್ತಿ ಉರಿದದ್ದನ್ನು ಕಂಡು, ಆ ಸಂಜೆಯೇ ಬೀಡಿ ಬಿಟ್ಟ. ಬೆಂಕಿಪೊಟ್ಟಣ ಜೇಬಿನಲ್ಲಿ ಇಟ್ಟುಕೊಳ್ಳುವುದನ್ನೂ ಬಿಟ್ಟ. ಊರಿನವರು ಅವನನ್ನು ನೋಡಿ ‘ಇವ್ನ ಮನೇಲಿ ಒಲೆ ಅಚ್ಚಬೇಕಾದ್ರೂ ಅರ್ಜಿ ಕೊಡಬೇಕು ಕಣ್ಲಾ’ ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಗುಡ್ಡದ ಅಡ್ಡಕ್ಕಿರುವ ಬಂಡಿ ಜಾಡಿನುದ್ದಕ್ಕೂ ಹುಲ್ಲು ಕೆತ್ತಿ, ತರಗು ಗುಡಿಸಿ, ಬೋಳು ಮಾಡಿಟ್ಟುಕೊಳ್ಳುತ್ತಿದ್ದ. ಬೆಂಕಿ ದಾಟದಿರಲೆಂದು ಮಾಡುವ ಆ ಬೋಳು ಪಟ್ಟೆಗೆ ಅವರೆಲ್ಲ ಬೆಂಕಿ ಲೈನು ಅನ್ನುತ್ತಾರೆ. ಜಾಡಿನ ಕೆಳಗೆ ಲಂಟಾನ, ನಡುವೆ ಅಲ್ಲೊಂದು ಇಲ್ಲೊಂದು ಮರ; ಮೇಲೆ ದಿಂಡಿಗ, ಮತ್ತಿ, ಕಗ್ಗಲಿ, ಬೆಟ್ಟದ ನೆಲ್ಲಿ. ಮೇಲಿನದು ಉಳಿದರೆ ಆಚೆಯ ಕಾಡೂ ಉಳಿಯಿತು ಎಂಬುದು ಅವನ ಲೆಕ್ಕ.

ಇನ್ನು ಅಳಿಯ ಸುಧಾಕರ. ಹರವೆ ಊರಿನವನು. ಕೆಟ್ಟವನೆಂದು ಹೇಳಿಬಿಟ್ಟರೆ ಈ ಕಥೆ ಸುಲಭ. ಆದರೆ ಕೆಟ್ಟವನಾಗಿದ್ದರೆ ಪುಟ್ಟಮಾದಯ್ಯ ಮಗಳು ಭವ್ಯನನ್ನು ಕೊಡುತ್ತಿರಲಿಲ್ಲ. ಮಾತು ಬಲ್ಲವನು, ನಗುಮುಖದವನು, ಅವಳ ಎರಡು ಬಸಿರು ನಿಲ್ಲದೆ ಹೋದಾಗಲೂ ಅವಳಿಗೆ ಒಂದು ಕಟುಮಾತು ಆಡಿರಲಿಲ್ಲ. ಚಾಮರಾಜನಗರದ ಆಚೆ ಸೌದೆ ಉರಿಸಿ ಕರೆಂಟು ತೆಗೆಯುವ ಕಾರ್ಖಾನೆಯೊಂದು ಬಂದಾಗ ಸುಧಾಕರ ಟ್ರ್ಯಾಕ್ಟರು ತೆಗೆದುಕೊಂಡು ಅದಕ್ಕೆ ಉರುವಲು ಹೊಡೆಯಲು ನಿಂತ. ಮೊದಮೊದಲು ತೆಂಗಿನ ಗರಿ, ಜೋಳದ ದಂಟು, ರೇಷ್ಮೆ ಬೆಳೆಯುವವರ ಹಿಪ್ಪುನೇರಳೆ ಕಡ್ಡಿ. ಹೊಲದಲ್ಲಿ ಕೊಳೆಯುವುದು ದೀಪವಾಗುತ್ತದಲ್ಲ ಎಂದು ಪುಟ್ಟಮಾದಯ್ಯನಿಗೂ ಖುಷಿಯಾಗಿತ್ತು. ಆ ಖುಷಿ ಹೆಚ್ಚು ಕಾಲ ಬಾಳಲಿಲ್ಲ. ಗರಿ ಮುಗಿಯಿತು, ದಂಟು ದನಕ್ಕೇ ಸಾಲದಾಯಿತು. ಬದುಗಳ ಮೇಲಿನ ಹೊಂಗೆ ಹೋಯಿತು, ಬೇವು ಹೋಯಿತು, ಊರೂರಿನ ಹುಣಸೆ ಹೋಯಿತು.

ಒಂದು ಸಲ ಪುಟ್ಟಮಾದಯ್ಯ ಅಳಿಯನ ಟ್ರ್ಯಾಕ್ಟರಿನಲ್ಲೇ ಕೂತು ಕಾರ್ಖಾನೆ ನೋಡಲು ಹೋಗಿದ್ದ. ಗೇಟಿನಲ್ಲಿ ಹಸಿರು ಬಣ್ಣದ ಬೋರ್ಡು, ಅದರ ಮೇಲೊಂದು ಮರದ ಚಿತ್ರ, ಮರದ ಕೊಂಬೆಗೆ ಹಣ್ಣಿನ ಬದಲು ಒಂದು ಬಲ್ಬು. ಒಳಗೆ ಸೌದೆಯ ರಾಶಿ ಒಂದು ಸಣ್ಣ ಗುಡ್ಡದಷ್ಟಿತ್ತು. ರಾಶಿಯ ನಡುವೆ ದಿಂಡಿಗದ ದಿಮ್ಮಿಗಳು ಕಂಡವು. ಯಾವ ಹೊಲದ ಬದುವಿನಲ್ಲಿ ದಿಂಡಿಗ ಬೆಳೆಯುತ್ತದೆ?

“ಇದು ಎಷ್ಟು ದಿನಕ್ಕಾಯ್ತದೆ ಅಳೀಮಯ್ಯ?” ಎಂದು ಕೇಳಿದ.

“ದಿನಕ್ಕಾ? ನಾಳೆ ಸಂಜೆಗೆ ಖಾಲಿ ಕಣ್ ಮಾವ.”

“ಮತ್ತೆ ನಾಡಿದ್ದು?”

“ನಾಡಿದ್ದಿಗೆ ನಾವಿದ್ದೀವಲ್ಲ” ಎಂದು ಸುಧಾಕರ ನಕ್ಕ. “ಮರ ಮತ್ತೆ ಬೆಳೀತದೆ ಮಾವ. ಅದ್ಕೇ ಇದು ಅಸಿರು ಕರೆಂಟು ಅಂತಾರೆ.”

“ದಿಂಡಿಗ ಬೆಳೆಯೋಕೆ ಎಷ್ಟು ಕಾಲ ಬೇಕು ಗೊತ್ತಾ?”

“ಅದ್ನೆಲ್ಲ ಕೇಳ್ಕಂಡು ಕೂರೋಕೆ ಆ ಬಾಯ್ಲರಿಗೆ ಪುರುಸೊತ್ತೆಲ್ಲಿದೆ ಬುಡಿ.”

ಅಂದಿನಿಂದ ಅಳಿಯ ಮನೆಗೆ ಬಂದಾಗಲೆಲ್ಲ ಕಾರೇಗುಡ್ಡದ ಕಡೆ ನೋಡುವ ನೋಟ ಪುಟ್ಟಮಾದಯ್ಯನಿಗೆ ಬೇರೆಯಾಗಿಯೇ ಕಾಣತೊಡಗಿತು. ಊರಿನಲ್ಲಿ ಹಳೆಯ ಕಟ್ಟುಪಾಡೊಂದಿದೆ. ಗುಡ್ಡದ ಹಸಿ ಮರಕ್ಕೆ ಯಾರೂ ಕೊಡಲಿ ಹಾಕುವಂತಿಲ್ಲ. ಒಣಗಿದ್ದನ್ನು ಯಾರು ಬೇಕಾದರೂ ತರಬಹುದು. ಇಷ್ಟು ವರ್ಷ ಗುಡ್ಡ ಕಾದದ್ದು ಆ ಮಾತೇ. ಒಂದು ಒಳ್ಳೆಯ ಬೆಂಕಿ ಬಿದ್ದರೆ ಗುಡ್ಡದ ಮರವೆಲ್ಲ ಒಂದೇ ದಿನ ‘ಒಣಗಿದ್ದು’ ಆಗಿಬಿಡುತ್ತದೆ. ಆಮೇಲೆ ಕೊಡಲಿಗೆ ತಡೆಯಿಲ್ಲ. ಬೆಂಕಿ ಹಚ್ಚಿದವನು ಯಾರೆಂದು ಊರು ಕೇಳುವುದೂ ಇಲ್ಲ, ಅದು ಹರಕೆಯ ಬೆಂಕಿಯಾಗಿದ್ದರೆ.

ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಬಹುದಿತ್ತು. ಹೇಳುವಷ್ಟರಲ್ಲಿ ಕೂಸಿಗೆ ಜ್ವರ ಬಂತು.

ಬಾಣಂತನಕ್ಕೆಂದು ಬಂದ ಭವ್ಯ ಇನ್ನೂ ತವರಿನಲ್ಲೇ ಇದ್ದಳು. ಮಗು ಹೆಣ್ಣು, ಐದು ತಿಂಗಳು ತುಂಬಿತ್ತು, ತೇಜಸ್ವಿನಿ ಎಂದು ಹೆಸರಿಟ್ಟಿದ್ದರು. ಎರಡು ಸಾವಿರದ ಆರನೇ ಇಸವಿಯ ಮಾರ್ಚಿ. ಜ್ವರ ಸಂಜೆಗೆ ಏರುವುದು, ಬೆಳಿಗ್ಗೆ ಇಳಿಯುವುದು, ಎದೆ ಗೊರಗೊರ ಎನ್ನುವುದು. ಗುಂಡ್ಲುಪೇಟೆಯ ಡಾಕ್ಟರು ನೋಡಿ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಸೂಜಿ ಹಾಕಿ, ಔಷಧಿ ಕೊಟ್ಟು, ಮುಗಿಯುವವರೆಗೂ ತಪ್ಪಿಸದೆ ಕುಡಿಸಿ ಎಂದರು. ಮನೆಗೆ ಬಂದ ಮೇಲೂ ಮಗು ಹಾಲು ಕಚ್ಚದೆ ನರಳಿತು. ದೊಡ್ಡಮಾದಮ್ಮ ಔಷಧಿ ಕುಡಿಸುತ್ತಲೇ ಗುಡ್ಡದ ನೆತ್ತಿಯ ಕಡೆ ತಿರುಗಿ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

“ಅವ್ನು ಕೊಟ್ಟವ್ನೆ. ನಾವು ತೀರಿಸ್ನಿಲ್ಲ. ಕಿತ್ಕತ್ತಾವ್ನೆ” ಎಂಬುದು ಅವಳ ಒಂದೇ ಮಾತು.

“ನೆತ್ತಿ ಮ್ಯಾಲೆ ನೂರೊಂದು ದೀಪ ಅಚ್ಚನ ಕಣಮ್ಮಿ. ಗುಡ್ಡ ಬೆಳಗ್ದಂಗೇ ಅಲ್ವ?” ಎಂದು ಪುಟ್ಟಮಾದಯ್ಯ ಬೇಡಿಕೊಂಡ.

“ಮಾದಪ್ಪನ ತಾವ ಚೌಕಾಸಿ ಮಾಡೀಯಾ? ಬೆಳಗ್ತೀನಿ ಅಂತ ಏಳ್ಕಂಡಿವ್ನಿ. ಬೆಳಗಬೇಕು.”

ಭಾನುವಾರ ಸುಧಾಕರ ಬಂದ. ಮಗುವಿಗೆ ಸ್ವೆಟರು, ಅತ್ತೆಗೆ ಹೂವು, ಮಾವನಿಗೆ ಎಲೆಅಡಿಕೆ. ಮಗುವಿನ ಹಣೆ ಮುಟ್ಟಿ ನೋಡಿ ಅವನ ಕಣ್ಣು ತುಂಬಿತು. ಅದು ಸುಳ್ಳು ನೀರಲ್ಲ, ಪುಟ್ಟಮಾದಯ್ಯ ನೋಡಿದ. ಅಳುವ ಕಣ್ಣೇ ಸೌದೆಯನ್ನೂ ನೋಡುತ್ತದಲ್ಲ ಎಂದು ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

“ನಾಳೆ ಸೋಮವಾರ ಕಣ್ ಮಾವ. ಒಳ್ಳೇ ದಿನ” ಅಂದ ಸುಧಾಕರ.

“ನಾನಿರೋವರ್ಗೂ ಆಗಾಕಿಲ್ಲ ಅಳೀಮಯ್ಯ. ಬೆಂಕಿ ಲಂಟಾನ ಇಡೀತು ಅಂದ್ರೆ ಮ್ಯಾಲಿನ ಮರ ಒಂದೂ ಉಳಿಯಾಕಿಲ್ಲ. ಆಮ್ಯಾಕೆ ಆಚೆ ಕಾಡು. ಆನೆ ಇಂಡು ಎಲ್ಲಿಗೋಗ್ಬೇಕು? ನಮ್ಮೂರೊಳಕ್ಕೇ ಬತ್ತವೆ.”

“ನೀವು ದೊಡ್ಡೋರು. ನೀವೇಳ್ದಂಗೇ ಆಗ್ಲಿ ಬುಡಿ” ಎಂದು ಸುಧಾಕರ ಎದ್ದ. ಇಷ್ಟು ಬೇಗ ಒಪ್ಪಿಕೊಂಡದ್ದೇ ಪುಟ್ಟಮಾದಯ್ಯನಿಗೆ ಸರಿಬರಲಿಲ್ಲ.

ಅವನ ಎದೆಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಅಳಿಯನಲ್ಲ. ಗಂಡ ಹೋದ ಮೇಲೆ ಭವ್ಯ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ತಲೆಯೆತ್ತದೆ, “ಅಪ್ಪ, ಒಂದ್ ಗುಡ್ಡ ಓದ್ರೆ ಓಗ್ಲಿ ಬುಡಪ್ಪ. ನನ್ ಕೂಸು ಉಳೀಲಿ” ಅಂದಳು. ಎರಡು ಕಳೆದುಕೊಂಡ ತಾಯಿ ಅವಳು. ‘ಆಸ್ಪತ್ರೆ ಔಷಧಿ ಇಡೀತದೆ ಮಗ’ ಎಂದಷ್ಟೇ ಹೇಳಿ ಅವನು ಜಗಲಿಗೆ ಬಂದು ಕೂತ. ತನ್ನ ಮೊಮ್ಮಗಳಿಗಿಂತ ಮರ ಹೆಚ್ಚಾಯಿತೇ ತನಗೆ ಎಂದು ತನ್ನನ್ನೇ ಕೇಳಿಕೊಂಡ. ಅಲ್ಲ ಎಂದು ಗೊತ್ತಿತ್ತು. ಆದರೂ ಗುಡ್ಡ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

ಸೋಮವಾರ ಬೆಳಗಾಗುತ್ತಲೇ ಹೋಗಿ ಬಂಡಿ ಜಾಡಿನಲ್ಲಿ ನಿಂತ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅವನಿಗೆ ಹೊಸದಲ್ಲ, ಆದರೆ ಸ್ವಂತ ಮನೆಯವರು ಬರುವ ದಾರಿಯನ್ನೇ ಕಾಯಬೇಕಾದದ್ದು ಇದೇ ಮೊದಲು. ಬಿಸಿಲೇರಿತು. ಕೆಳಗಿನಿಂದ ಮೇಲಕ್ಕೆ ಗಾಳಿ ಹತ್ತತೊಡಗಿತು. ಒಣ ಹುಲ್ಲು ಸೊಂಟದೆತ್ತರ ನಿಂತು ಸರಗುಟ್ಟುತ್ತಿತ್ತು. ಊರಿನ ಕಡೆಯಿಂದ ಹಳದಿ ಸೀರೆಯೊಂದು ಗುಡ್ಡ ಹತ್ತಿ ಬರುವುದು ಕಂಡಿತು.

ದೊಡ್ಡಮಾದಮ್ಮ ತಲೆಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಎರಡೂ ಕೈಯಲ್ಲಿ ಮಡಕೆಯ ಓಡು ಹಿಡಿದಿದ್ದಳು. ಓಡಿನ ತುಂಬ ಕೆಂಡ, ಮೇಲೆ ಸಾಂಬ್ರಾಣಿ. ಹಿಂದೆ ಭವ್ಯ, ಹೆಗಲ ಮೇಲೆ ಬಟ್ಟೆ ಸುತ್ತಿದ ಮಗು. ಇಬ್ಬರೂ ಬರಿಗಾಲು. ಜಾಡಿಗೆ ಬಂದವಳೇ ದೊಡ್ಡಮಾದಮ್ಮ ಗಂಡನ ಕಡೆ ನೋಡದೆ ಮೇಲಿನ ಹುಲ್ಲಿನ ಕಡೆ ತಿರುಗಿ ನಿಂತಳು.

“ಮಾದಿ, ಬ್ಯಾಡ.”

“ದಾರಿ ಬುಡು.”

“ಇದು ನಮ್ಮಪ್ಪನ ಕಾಲದ ಉಲ್ಲಲ್ಲ ಕಣಮ್ಮಿ. ಆರ್ಸಕ್ಕಾಗಾಕಿಲ್ಲ.”

“ಯಾರ್ ಆರ್ಸು ಅಂದೋರು ನಿಂಗೆ? ಎಲ್ಲಾರ್ ಮನೆ ಬೆಂಕಿ ಆರ್ಸಿಯೆ, ನಿನ್ ಮೊಮ್ಮಗಳು ಬೆಂಕಿಯಂಗೆ ಸುಡ್ತಾವ್ಳೆ, ಅದ್ನ ಆರ್ಸ್ದ್ಯಾ ನೀನು?” ಅವಳು ಒಂದು ಹೆಜ್ಜೆ ಮುಂದಿಟ್ಟಳು. “ದಾರಿ ಬುಡು ಅಂದೆ.”

ಬೈಯಬಹುದಿತ್ತು. ಓಡು ಕಿತ್ತು ಬಿಸಾಡಬಹುದಿತ್ತು. ಬಿಸಾಡಿದರೆ ಕೆಂಡ ಬೀಳುವುದೂ ಹುಲ್ಲಿಗೇ. ಅವನಿಗೆ ಆ ಕ್ಷಣ ಬೇರೇನೂ ತೋಚಲಿಲ್ಲ. ಬೆನ್ನು ತಿರುಗಿಸಿ, ಜಾಡಿನಿಂದ ಮೇಲಕ್ಕೆ ಹುಲ್ಲಿನೊಳಗೆ ನಡೆದುಹೋಗಿ, ಒಂದು ದಿಂಡಿಗದ ಬುಡದಲ್ಲಿ ಕೂತುಬಿಟ್ಟ. ಹುಲ್ಲಿನ ಮೇಲೆ ಅವನ ತಲೆಯ ಟವೆಲು ಮಾತ್ರ ಕಾಣುತ್ತಿತ್ತು.

“ಆಕು” ಎಂದು ಅಲ್ಲಿಂದಲೇ ಕೂಗಿದ. “ಅರಕೆ ತಾನೆ? ತೀರಿಸ್ಬುಡು. ನಾನಿಲ್ಲೇ ಕೂತಿರ್ತೀನಿ.”

ಇದು ಬರಿ ಬೆದರಿಕೆಯಲ್ಲವೆಂದು ಅವಳಿಗೆ ಗೊತ್ತಿತ್ತು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಮೊಂಡುತನ ಗೊತ್ತಿರುವುದಿಲ್ಲವೇ? ಅಂಗೈ ಸುಡುತ್ತಿದ್ದರೂ ಓಡು ಕೆಳಗಿಡಲಿಲ್ಲ. ಒಮ್ಮೆ ಮಗುವನ್ನು ನೋಡಿದಳು, ಒಮ್ಮೆ ಟವೆಲನ್ನು ನೋಡಿದಳು. “ಎದ್ ಬಾ ಈಚೆಗೆ” ಎಂದಳು. ಅವನು ಅಲ್ಲಾಡಲಿಲ್ಲ. “ಎದ್ ಬಾ ಅಂದ್ರೆ! ನಂಗೆ ಇಬ್ರೂ ಬೇಕು ಕಣಾ!” ಎಂದು ಕಿರುಚಿ ಅಳತೊಡಗಿದಳು.

ಆಗ ಭವ್ಯ, “ಅವ್ವ, ಒಗೆ” ಅಂದಳು.

ಹೊಗೆ ಓಡಿನದಲ್ಲ. ಕೆಳಗಿನಿಂದ, ಗುಡ್ಡದ ಬುಡದಿಂದ ಬರುತ್ತಿತ್ತು. ಒಂದು ಕಡೆ ಅಲ್ಲ, ಮೂರ್ನಾಲ್ಕು ಕಡೆ. ಬೆನ್ನಲ್ಲೇ ಲಂಟಾನ ಸಿಡಿಯುವ ಚಟಚಟ ಸದ್ದು. ಪುಟ್ಟಮಾದಯ್ಯ ಒಂದೇ ನೆಗೆತಕ್ಕೆ ಜಾಡಿಗೆ ಬಂದ. ಗಾಳಿಯ ಬೆನ್ನೇರಿ ಬೆಂಕಿ ಮೇಲಕ್ಕೇ, ಅವರ ಕಡೆಗೇ ಬರುತ್ತಿತ್ತು. ಕೆಳಗಿನ ಮರಗಳಲ್ಲಿದ್ದ ಗಿಳಿಗಳೆಲ್ಲ ಕಿರುಚಿಕೊಂಡು ತಲೆಯ ಮೇಲೆ ಹಾರಿಹೋದವು.

“ಭವ್ಯ, ಕೂಸ್ನ ಎತ್ಕಂಡು ಆ ಬಂಡೆ ಮ್ಯಾಲೆ ಓಗು! ಮೂಗಿಗೆ ಬಟ್ಟೆ ಇಡಿ! ಇಳೀಬ್ಯಾಡ!”

ಜಾಡಿನ ತುದಿಯಲ್ಲಿ ಆನೆಯ ಬೆನ್ನಿನಂಥ ಬಂಡೆಯೊಂದಿತ್ತು, ಅಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಭವ್ಯ ಓಡಿದಳು. ಪುಟ್ಟಮಾದಯ್ಯ ತಾನು ಗುಡಿಸಿಟ್ಟ ಲೈನನ್ನು ನೋಡಿದ. ಒಂದು ಬಂಡಿಯ ಅಗಲ. ಬರುತ್ತಿರುವ ಬೆಂಕಿಗೆ ಅದು ಒಂದು ದಾಪುಗಾಲು. ಲೈನು ಅಗಲವಾಗಬೇಕು, ಈಗಲೇ ಆಗಬೇಕು. ಬೆಂಕಿ ಬರುವ ಮೊದಲೇ ಲೈನಿನ ಕೆಳಗಿನ ಹುಲ್ಲನ್ನು ಸುಟ್ಟು, ಬಂದ ಬೆಂಕಿಗೆ ತಿನ್ನಲು ಏನೂ ಇಲ್ಲದಂತೆ ಮಾಡಬೇಕು. ಅದಕ್ಕೆ ಎದುರು ಬೆಂಕಿ ಅನ್ನುತ್ತಾರೆ. ಜೇಬು ತಡವಿಕೊಂಡ. ಬೆಂಕಿಪೊಟ್ಟಣವೆಲ್ಲಿ ಬರಬೇಕು? ಹೆಂಡತಿಯ ಕಡೆ ತಿರುಗಿದ.

“ಆ ಕೆಂಡ ಆಕು! ಇಲ್ಲಿ, ಈ ಕೆಳಗ್ಲ ಅಂಚಿಗೆ!”

“ನಾನು ಅಚ್ಲಾ?” ಎಂದಳು ದೊಡ್ಡಮಾದಮ್ಮ. ಜನ್ಮದಲ್ಲಿ ಗಂಡನ ಬಾಯಿಂದ ಕೇಳುತ್ತೇನೆಂದುಕೊಳ್ಳದ ಮಾತು ಅದು.

“ಅಚ್ಚು ಕಣಮ್ಮಿ! ನಾಕು ಮಾರಿಗೊಂದು ಕೆಂಡ, ಅಂಗೇ ಓಗ್ತಾ ಇರು, ನಿಲ್ಬ್ಯಾಡ!”

ಅವಳು ಬಗ್ಗಿ ಬರಿ ಬೆರಳಿನಿಂದ ಕೆಂಡ ತೆಗೆದು ಹುಲ್ಲಿಗಿಡುತ್ತ ಓಡಿದಳು. ‘ಮಾದಪ್ಪ, ಮಾದಪ್ಪ’ ಎಂದು ಬಾಯಿ ಬಡಬಡಿಸುತ್ತಿತ್ತು. ಪುಟ್ಟಮಾದಯ್ಯ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು, ಅವಳು ಹಚ್ಚಿದ ಬೆಂಕಿ ಮೇಲಕ್ಕೆ ದಾಟದಂತೆ ಬಡಿಯುತ್ತ ಅವಳ ಹಿಂದೆಯೇ ಓಡಿದ. ಮೊದಲು ಆ ಬೆಂಕಿ ಗಾಳಿಗೆದುರು ಹೋಗಲಾರದೆ ತಡವರಿಸಿತು. ಕೆಳಗಿನದು ಹತ್ತಿರ ಬರುತ್ತಿದ್ದಂತೆ ಅದೇ ಇದನ್ನು ತನ್ನ ಕಡೆಗೆ ಎಳೆದುಕೊಂಡಿತು. ಎರಡೂ ಎದುರುಬದುರು ನುಗ್ಗಿ ಕೂಡಿದಾಗ ಎದ್ದ ಸದ್ದಿಗೆ ದೊಡ್ಡಮಾದಮ್ಮ ಕಿವಿ ಮುಚ್ಚಿಕೊಂಡು ಜಾಡಿನಲ್ಲೇ ಕುಸಿದಳು. ಹುಬ್ಬು ಕರಕಲಾಗುವಷ್ಟು ಕಾವು. ಆಮೇಲೆ, ನೋಡುನೋಡುತ್ತ, ತಿನ್ನಲು ಏನೂ ಸಿಗದೆ ಬೆಂಕಿ ಕೂತಿತು. ಲೈನು ದಾಟಿ ಬಿದ್ದ ಕಿಡಿಗಳನ್ನು ಇಬ್ಬರೂ ಸೊಪ್ಪಿನಿಂದ, ಸೆರಗಿನಿಂದ, ಕಾಲಿನಿಂದ ಬಡಿದು ಬಡಿದು ಆರಿಸಿದರು.

ಕೆಳಗಿನ ಗುಡ್ಡ ಪೂರ್ತಿ ಕಪ್ಪಾಗಿತ್ತು. ಮೇಲಿನದು ಹಾಗೇ ನಿಂತಿತ್ತು. ಪುಟ್ಟಮಾದಯ್ಯ ಕೂತು ಅತ್ತ.

ಹೊಗೆ ಕಂಡು ಇಲಾಖೆಯ ಜೀಪು ಬಂತು. ಫಾರೆಸ್ಟರು ರಘುನಾಥ, ಜೊತೆಗೆ ನಾಲ್ಕು ಮಂದಿ ವಾಚರುಗಳು. ಊರಿನವರೂ ಬಂದರು. ಅವರ ಹಿಂದೆಯೇ ಸುಧಾಕರ, ಕೈಯಲ್ಲಿ ನೀರಿನ ಕ್ಯಾನು, ಮುಖದಲ್ಲಿ ಗಾಬರಿ.

“ಅಯ್ಯೋ ಮಾವ! ಏನ್ ಮಾವ ಇದು? ಅತ್ತೆ, ಅರಕೆ ತೀರಿಸ್ಬುಟ್ರಾ? ಒಂದ್ ಮಾತು ಏಳ್ಬಾರ್ದಾಗಿತ್ತಾ?” ಎಂದು ಎಲ್ಲರಿಗೂ ಕೇಳುವಂತೆ ಅಂದ. ಊರಿನವರು ತಲೆಯಾಡಿಸಿದರು. ಹರಕೆಯ ಬೆಂಕಿ, ಅಷ್ಟೇ. ದೊಡ್ಡಮಾದಮ್ಮನ ಪಕ್ಕದಲ್ಲೇ ಬೂದಿ ತುಂಬಿದ ಓಡು ಬಿದ್ದಿತ್ತು.

ರಘುನಾಥ ಒಳ್ಳೆಯವನೇ, ಆದರೆ ಬೆಂಕಿಯ ವಿಷಯದಲ್ಲಿ ದಾಕ್ಷಿಣ್ಯ ಇಲ್ಲದವನು. “ಯಾರು ಹಚ್ಚಿದ್ದು ಪುಟ್ಟಮಾದಯ್ಯ?” ಎಂದು ಕೇಳಿದ. “ಇಂಥಾದ್ದು ಕಾಡಿಗೆ ದಾಟಿದ್ರೆ ನಾವ್ಯಾರೂ ಉಳೀತಿರ್ಲಿಲ್ಲ. ಕೇಸು ಹಾಕ್ಲೇಬೇಕು. ಹೇಳು.”

ಪುಟ್ಟಮಾದಯ್ಯ ಅಳಿಯನನ್ನು ನೋಡಿದ. ಸುಧಾಕರನ ಪ್ಯಾಂಟಿನ ಕಾಲಿಗೆ ಲಂಟಾನದ ಮುಳ್ಳು, ಕರಿ ಬೂದಿ. ಹೇಳಿದರೆ ಮಗಳ ಮನೆ ಹಾಳು. ಐದು ತಿಂಗಳ ಕೂಸನ್ನು ಎತ್ತಿಕೊಂಡು ಭವ್ಯ ಯಾವ ಹೊಸಿಲು ತುಳಿಯಬೇಕು? ಹೇಳದಿದ್ದರೆ ಕೆಳಗಿನ ಸುಟ್ಟ ಮರವೆಲ್ಲ ನಾಳೆ ‘ಒಣಗಿದ್ದು’, ನಾಡಿದ್ದಿಗೆ ಟ್ರ್ಯಾಕ್ಟರಿನಲ್ಲಿ, ಅದರ ಮರುದಿನ ಬಾಯ್ಲರಿನಲ್ಲಿ. ಬರುವ ಬೇಸಿಗೆಗೆ ಇನ್ನೊಬ್ಬರ ಹರಕೆ, ಮೇಲಿನ ಗುಡ್ಡ.

“ನಾನೇ ಕಣ್ ಸ್ವಾಮಿ, ಅರಕೆ ಇತ್ತು” ಎಂದು ದೊಡ್ಡಮಾದಮ್ಮ ಮುಂದೆ ಬಂದಳು. ಅವಳಿಗೂ ಅಳಿಯನ ಪ್ಯಾಂಟು ಕಂಡಿತ್ತು. ತಾನು ಮಾದಪ್ಪನಿಗೆಂದು ಹೊತ್ತ ಹರಕೆಯನ್ನು ಇವನು ಸೌದೆಗೆಂದು ಹೊರಿಸಿದ್ದನೆಂದು ಆಗಲೇ ಅರ್ಥವಾಗಿತ್ತು. ಆದರೂ ಮಗಳ ಬಾಳು ದೊಡ್ಡದು ಅವಳಿಗೆ.

“ಇಲ್ಲ ಸಾರ್. ನಾನು” ಎಂದು ಪುಟ್ಟಮಾದಯ್ಯ ಎದ್ದು ನಿಂತ. ಬೆಂಕಿ ವಾಚರು ತಾನೇ ಬೆಂಕಿ ಹಚ್ಚಿದೆ ಅಂದರೆ ಅವನ ಬದುಕಿಗೆ ಅಲ್ಲಿಗೆ ತೆರೆ. ಅದನ್ನೂ ಹೇಳಿಬಿಟ್ಟ.

“ಇಬ್ರೂ ಸುಳ್ ಏಳ್ತಾವ್ರೆ.”

ಭವ್ಯ ಬಂಡೆಯಿಂದ ಇಳಿದು ಬಂದಿದ್ದಳು. ಮುಖವೆಲ್ಲ ಮಸಿ. ಹೊಗೆಗೆ ಅತ್ತು ಅತ್ತು ಸಾಕಾದ ಮಗು ಹೆಗಲ ಮೇಲೆ ಬಿಕ್ಕುತ್ತಿತ್ತು.

“ನಮ್ಮವ್ವ ಅಚ್ಚಿದ್ದು ಬೆಂಕಿ ನಿಲ್ಸೋಕೆ. ಮೊದ್ಲು ಅಚ್ಚಿದ್ದು ಕೆಳಗ್ಲಿಂದ. ನಾನು ಬಂಡೆ ಮ್ಯಾಲಿಂದ ಕಣ್ಣಾರೆ ಕಂಡೆ. ಟ್ರ್ಯಾಕ್ಟರು ನಿಂತಿತ್ತು. ಕೋಲಿಗೆ ಬಟ್ಟೆ ಸುತ್ಕಂಡು ಇನ್ನೂ ಅಚ್ತಾ ಓಗ್ತಿದ್ರು. ನಾವಿಲ್ಲಿ ಮ್ಯಾಲೆ ಇರೋದು ಗೊತ್ತಿತ್ತು ಅವ್ರಿಗೆ. ಅವ್ವ ಬೆಳಿಗ್ಗೇನೇ ಫೋನ್ ಮಾಡಿ ಏಳಿದ್ಲು, ಕೂಸ್ನೂ ಕರ್ಕಂಡು ಓಗ್ತೀವಿ ಅಂತ.”

ದೊಡ್ಡಮಾದಮ್ಮ ತಲೆ ತಗ್ಗಿಸಿ ಬೂದಿಯ ಓಡನ್ನು ಕೈಗೆತ್ತಿಕೊಂಡಳು.

“ಯಾರಮ್ಮ ಅದು?” ರಘುನಾಥ ಕೇಳಿದ.

“ತೇಜು ಅಪ್ಪ.”

“ಹಂಗಂದ್ರೆ ಆಗಲ್ಲಮ್ಮ. ನಾಲ್ಕು ಜನದ ಮುಂದೆ ಹೇಳ್ತಿದ್ದೀಯ. ಹೆಸರು ಹೇಳ್ಬೇಕು.”

ಆ ಕಡೆಯ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎನ್ನುತ್ತಾರೆ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಾರೆ. ಭವ್ಯ ಎಸ್ಸೆಸ್ಸೆಲ್ಸಿ ಓದಿದವಳಾದರೂ ಮದುವೆಯಾದಂದಿನಿಂದ ಆ ಹೆಸರು ಅವಳ ನಾಲಗೆಯ ಮೇಲೆ ಬಂದಿರಲಿಲ್ಲ. ಅದು ಸುಧಾಕರನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಮುಖದ ಗಾಬರಿ ಸಡಿಲವಾಗಿ, ತುಟಿಯ ಮೇಲೆ ಮೊದಲಿನ ನಗು ಅರ್ಧ ಮೂಡಿತು.

ಭವ್ಯ ಮಗುವನ್ನು ಅಪ್ಪನ ಕೈಗೆ ಕೊಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಸುಧಾಕರ” ಅಂದಳು. ಯಾರಿಗೂ ಕೇಳದೆ ಹೋಯಿತೇನೋ ಎಂಬಂತೆ ಗಂಡನ ಕಡೆ ತಿರುಗಿ, ಗಟ್ಟಿಯಾಗಿ ಇನ್ನೊಂದು ಸಲ, “ಹರವೆ ಸುಧಾಕರ” ಅಂದಳು.

ದೊಡ್ಡಮಾದಮ್ಮ ಬೊಬ್ಬೆಯೆದ್ದ ಬೆರಳುಗಳನ್ನು ಬಾಯಿಗೆ ಒತ್ತಿಕೊಂಡಳು. ಪುಟ್ಟಮಾದಯ್ಯ ಮೊಮ್ಮಗಳ ಹಣೆ ಮುಟ್ಟಿ ನೋಡಿದ. ತನ್ನ ಕೈಯೇ ಸುಡುತ್ತಿದ್ದುದರಿಂದ ಜ್ವರ ಇದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.